ಏಳನೇ ಕುರ್ಚಿ

ಬುಧವಾರ ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಒಂದೇ ತಪ್ಪನ್ನು ನಾಲ್ಕು ಜನ ಒಪ್ಪಿಕೊಂಡು ಹೋಗಿದ್ದರು. ಒಬ್ಬರಾದ ಮೇಲೆ ಒಬ್ಬರು ನನ್ನ ಕೋಣೆಗೆ ಬಂದು, ಬಾಗಿಲು ಮುಂದೆ ಮಾಡಿ, ಎದುರು ಕೂತು, ನಾನೇ ಮಾಡಿದ್ದು ಎಂದು ಹೇಳಿ ಎದ್ದು ಹೋದರು. ಇಪ್ಪತ್ತಾರು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ನಾನಲ್ಲ ಎನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ, ಅವರ ಬಾಯಿ ಬಿಡಿಸುವುದು ಹೇಗೆಂದು ಬಲ್ಲೆ. ನಾಲ್ವರೂ ನಾನೇ ಎಂದರೆ ಏನು ಮಾಡಬೇಕೆಂದು ಮಾತ್ರ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ತಲೆ ಮೊಸರು ಗಡಿಗೆಯಾಯಿತು.

ವಿಷಯ ಏನೆಂದು ಮೊದಲು ಹೇಳಿಬಿಡುತ್ತೇನೆ. ಮೂತ್ರಪಿಂಡ ಕೈಕೊಟ್ಟವರಿಗೆ ಯಂತ್ರದಿಂದ ರಕ್ತ ಶುದ್ಧಿ ಮಾಡುವ ಡಯಾಲಿಸಿಸ್ ಕೇಂದ್ರಗಳಿರುತ್ತವಲ್ಲ, ಒಂದು ಆಸ್ಪತ್ರೆಗೆ ಸೇರಿದ ಅಂಥ ಹನ್ನೊಂದು ಕೇಂದ್ರಗಳಿಗೆ ಸರದಿ ಪಟ್ಟಿ ಮಾಡಿಕೊಡುವ ಸಾಫ್ಟ್‌ವೇರ್ ನಮ್ಮದು. ಯಾರು ಯಾವ ದಿನ, ಎಷ್ಟು ಗಂಟೆಗೆ, ಯಾವ ಕುರ್ಚಿಯಲ್ಲಿ ಕೂರಬೇಕೆಂದು ಅದು ಹೇಳುತ್ತದೆ. ಒಂದೊಂದು ಕುರ್ಚಿಯ ಪಕ್ಕ ಒಂದೊಂದು ಯಂತ್ರ. ಒಬ್ಬೊಬ್ಬರು ನಾಲ್ಕು ಗಂಟೆ ಕೂರಬೇಕು, ವಾರಕ್ಕೆ ಮೂರು ಸಲ.

ಸೋಮವಾರ ಒಂದು ಕೇಂದ್ರದಲ್ಲಿ ನಮ್ಮ ಪಟ್ಟಿ ಒಬ್ಬ ನಿವೃತ್ತ ಬಸ್ ಕಂಡಕ್ಟರನ್ನು ಏಳನೇ ಕುರ್ಚಿಗೆ ಕಳಿಸಿತು. ಏಳನೇ ಕುರ್ಚಿಯ ಯಂತ್ರ ರಕ್ತದಲ್ಲಿ ಸೋಂಕು ಇರುವವರಿಗೆಂದೇ ಮೀಸಲು, ಬೇರೆಯವರನ್ನು ಅಲ್ಲಿ ಕೂರಿಸಿದರೆ ಇಲ್ಲದ ರೋಗ ಅಂಟಿಕೊಳ್ಳುವ ಅಪಾಯವಿದೆ. ಅವರು ಕೂತಾಗಿತ್ತು, ತೋಳು ಮೇಲೆ ಸರಿಸಿ ಕೈ ಚಾಚಿಯೂ ಆಗಿತ್ತು. ಹೊಸ ನರ್ಸ್ ಪಟ್ಟಿಯನ್ನು ನಂಬಿ ಸೂಜಿ ತೆಗೆದಿದ್ದಳು. ಹಿರಿಯ ಸಿಸ್ಟರ್ ಆ ಕಡೆಯಿಂದ ಕೂಗಿಕೊಂಡು ಓಡಿ ಬಂದು ತಡೆದರು. ಯಾರಿಗೂ ಏನೂ ಆಗಲಿಲ್ಲ, ಆದರೆ ಆಗಿದ್ದರೆ ಎಂಬ ಮಾತು ಸೋಮವಾರದಿಂದ ನನ್ನನ್ನು ಬಿಟ್ಟಿರಲಿಲ್ಲ.

ಹುಡುಕಿದಾಗ ತಿಳಿದದ್ದು ಇಷ್ಟು. ನಮ್ಮ ಸಾಫ್ಟ್‌ವೇರಿನಲ್ಲಿ ಒಂದು ಹಳೆಯ ಸಾಲು ಇತ್ತು. ಆ ಕೇಂದ್ರದ ಏಳನೇ ಕುರ್ಚಿಯನ್ನು ತಾನಾಗಿ ಯಾರಿಗೂ ಕೊಡಬೇಡ ಎಂದಷ್ಟೇ ಅದರ ಅರ್ಥ. ಯಾಕೆ ಎಂದು ಎಲ್ಲೂ ಬರೆದಿರಲಿಲ್ಲ, ಅಷ್ಟು ಹಳೆಯ ಲೆಕ್ಕ ಉಳಿಯದೆ ಬರೆದವರ ಹೆಸರೂ ಇರಲಿಲ್ಲ. ಮೂರು ವಾರದ ಹಿಂದೆ ಬೇಡದ್ದನ್ನೆಲ್ಲ ಗುಡಿಸಿ ಹಾಕುವ ಕೆಲಸ ಮಾಡಿದೆವು, ಆರುನೂರು ಸಾಲು ತೆಗೆದೆವು. ಆ ಗುಡಿಸಾಟದಲ್ಲಿ ಇದೂ ಹೋಯಿತು. ಭಾನುವಾರ ಹೊಸ ಸಾಫ್ಟ್‌ವೇರ್ ಕೇಂದ್ರಗಳಿಗೆ ತಲುಪಿತು, ಸೋಮವಾರ ಏಳನೇ ಕುರ್ಚಿ ಎಲ್ಲ ಕುರ್ಚಿಗಳ ಹಾಗೆ ಒಂದು ಕುರ್ಚಿಯಾಯಿತು.

ತೆಗೆದವರು ಯಾರು? ಆಸ್ಪತ್ರೆಯವರಿಗೆ ಆ ಹೆಸರು ಬೇಕಿತ್ತು, ಬುಧವಾರ ಸಂಜೆ ನಾಲ್ಕು ಗಂಟೆಯೊಳಗೆ. ಹೆಸರಿನವರು ಈ ಕೆಲಸದಿಂದ ಹೊರಗೆ. ನಮ್ಮ ನಿರ್ದೇಶಕರು ಒಂದು ಹಾಳೆ ಕಳಿಸಿದ್ದರು. ಅದರಲ್ಲಿ ಹೆಸರಿಗೆ ಒಂದೇ ಗೆರೆ ಎಳೆದಿತ್ತು.

ಬೇರೆ ತಂಡವಾಗಿದ್ದರೆ ಎರಡು ನಿಮಿಷದ ಕೆಲಸ. ಯಾರು ಏನು ಬದಲಿಸಿದರೆಂದು ಕಂಪ್ಯೂಟರೇ ಬರೆದಿಟ್ಟುಕೊಳ್ಳುತ್ತದೆ. ನಮ್ಮಲ್ಲಿ ಹಾಗಿಲ್ಲ, ಅದಕ್ಕೆ ಕಾರಣ ನಾನೇ. ಮೂರು ವರ್ಷದ ಹಿಂದೆ ಒಂದು ತರಬೇತಿಗೆ ಹೋಗಿ ಬಂದವಳು ಗೋಡೆಗೆ ಮೂರು ಚೀಟಿ ಅಂಟಿಸಿದೆ: ನಂಬಿಕೆ, ಎಲ್ಲರ ಪಾಲು, ಮುಚ್ಚುಮರೆ ಇಲ್ಲ. ಅದಕ್ಕೆ ಮೊದಲು ನನ್ನ ಕಣ್ಣು ತಪ್ಪಿಸಿ ಒಂದು ಚುಕ್ಕಿಯೂ ಹೊರಗೆ ಹೋಗುತ್ತಿರಲಿಲ್ಲ. ಆಮೇಲೆ ನಾಲ್ಕು ಮೇಜು ಇದ್ದ ಕಡೆ ಒಂದೇ ದೊಡ್ಡ ಪರದೆ, ಒಂದೇ ಕೀಬೋರ್ಡ್ ಬಂತು. ನಾಲ್ವರೂ ಒಟ್ಟಿಗೆ ಕೂರುತ್ತಾರೆ. ಮೊಟ್ಟೆ ಬೇಯಿಸುವಾಗ ಇಡುವಂಥ ಸಣ್ಣ ಗಡಿಯಾರಕ್ಕೆ ಹತ್ತು ನಿಮಿಷ ಕೀಲಿ ಕೊಟ್ಟು ಇಡುತ್ತಾರೆ. ಒಬ್ಬರು ಟೈಪ್ ಮಾಡುತ್ತಾರೆ, ಉಳಿದವರು ನೋಡುತ್ತ ಹೇಳುತ್ತಾರೆ. ಗಡಿಯಾರ ಟಿಣ್ ಎಂದರೆ ಕೀಬೋರ್ಡ್ ಪಕ್ಕದವರಿಗೆ. ಕಂಪ್ಯೂಟರಿನ ಲೆಕ್ಕದಲ್ಲಿ ಎಲ್ಲ ಬದಲಾವಣೆಗೂ ಒಂದೇ ಹೆಸರು: ತಂಡ. ಇದನ್ನು ನಾಲ್ಕು ಸಭೆಗಳಲ್ಲಿ ಎದೆಯುಬ್ಬಿಸಿ ಹೇಳಿಕೊಂಡು ಬಂದಿದ್ದೆ.

ಇನ್ನೊಂದು ಬಿಳಿ ಹಲಗೆಯೂ ಇತ್ತು. ಸೋಮವಾರ ಬೆಳಿಗ್ಗೆ ಪ್ರತಿಯೊಬ್ಬರೂ ತಮಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಅದರ ಮೇಲೆ ಬರೆಯಬೇಕು. ಅದೂ ನನ್ನದೇ ಏರ್ಪಾಡು. ನಾನೂ ಬರೆಯುತ್ತಿದ್ದೆ. ಈಗ ಹೇಳಲು ನಾಚಿಕೆಯಾಗುತ್ತದೆ, ನಾನು ಬರೆಯುತ್ತಿದ್ದುದೆಲ್ಲ ನನಗೆ ಚೆನ್ನಾಗಿ ಗೊತ್ತಿದ್ದ ವಿಷಯಗಳೇ. ನಮ್ಮಪ್ಪ ಶಾಲೆಯ ಹೆಡ್‌ಮಾಸ್ಟರು, ಗೊತ್ತಿಲ್ಲ ಎಂದವರ ಕಿವಿ ಹಿಂಡುತ್ತಿದ್ದರು. ಐವತ್ತೆರಡು ವರ್ಷವಾದರೂ ಆ ಮಾತು ಬಾಯಿಗೆ ಬರುವಾಗ ನನ್ನ ಕಿವಿ ಉರಿಯುತ್ತದೆ.

ಮೊದಲು ಬಂದವನು ಗಡ್ಡ, ಎಲ್ಲರೂ ಅವನನ್ನು ಕರೆಯುವುದೇ ಹಾಗೆ. ತಂಡದಲ್ಲಿ ಎಲ್ಲರಿಗಿಂತ ಹಳಬ, ನೆಲ ಅಲುಗಿದರೂ ಎದ್ದು ನಿಲ್ಲುವ ಮುಂಚೆ ಯೋಚಿಸುವ ಆಸಾಮಿ. ಕೀಬೋರ್ಡ್ ತನ್ನ ಕೈಯಲ್ಲಿತ್ತು, ಹಳೇ ಕಸ ಎಂದುಕೊಂಡು ತೆಗೆದೆ ಎಂದ. ಹೇಳುವಷ್ಟು ಹೊತ್ತೂ ಮೇಲಿನ ಫ್ಯಾನನ್ನೇ ನೋಡುತ್ತಿದ್ದ. ಆಯಿತು, ಒಪ್ಪಿಕೊಂಡನಲ್ಲ, ದೊಡ್ಡ ಮನಸ್ಸು ಎಂದುಕೊಂಡು ಅವನನ್ನು ಕಳಿಸಿ ಪೆನ್ನು ತೆಗೆದೆ.

ಕ್ಯಾಪು ತೆಗೆಯುವುದರೊಳಗೆ ಅನುಮಾನ ಬಂದಳು. ಸಾಫ್ಟ್‌ವೇರ್ ಸರಿಯಿದೆಯೇ ಎಂದು ಪರೀಕ್ಷೆ ಮಾಡುವುದು ಅವಳ ಕೆಲಸ, ಅದಕ್ಕೇ ಆ ಅಡ್ಡಹೆಸರು. ತನ್ನ ಮದುವೆಯ ದಿನವನ್ನೂ ಎರಡು ಸಲ ಖಾತ್ರಿ ಮಾಡಿಕೊಂಡಳಂತೆ. ಅಂಥವಳು ಬಂದು ನೂರಕ್ಕೆ ನೂರು ನಾನೇ ಎಂದಳು. ಅವಳ ಬಾಯಲ್ಲಿ ನೂರಕ್ಕೆ ನೂರು ಎಂಬ ಮಾತನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಆ ಸಾಲು ಹಳೇ ಕಸ ಅನ್ನಿಸಿತಂತೆ.

ಮೂರನೆಯವನು ಮೌನಿ. ಅವನು ದಿನಕ್ಕೆ ಮೂರು ಮಾತಾಡಿದರೆ ಹೆಚ್ಚು. "ನಾನು ತೆಗೆದೆ. ಹಳೇ ಕಸ," ಎಂದು ನಾಲ್ಕು ಮಾತಾಡಿ ಹೋದ.

ಅಷ್ಟು ಹೊತ್ತಿಗೆ ನನ್ನ ಪಿತ್ತ ನೆತ್ತಿಗೇರಿತ್ತು. ಇವರು ನನ್ನನ್ನು ಆಟ ಆಡಿಸುತ್ತಿದ್ದಾರೆಂದೇ ಅನ್ನಿಸಿತು. ಮೂರೂ ಜನ ಒಂದೇ ಪಾಠ ಉರು ಹೊಡೆದು ಬಂದ ಹಾಗೆ ಹಳೇ ಕಸ, ಹಳೇ ಕಸ! ನನ್ನ ಮುಂದೆಯೇ ನಾಟಕವೇ ಎಂದು ಎದ್ದು ಹೋಗಿ ಬಾಗಿಲು ತೆಗೆದರೆ ಹೊರಗೆ ಟೀಚರ್ ನಿಂತಿದ್ದಳು.

ಟೀಚರ್ ನಮ್ಮಲ್ಲಿ ಹೊಸಬಳು, ವಯಸ್ಸಿನಲ್ಲಲ್ಲ. ಹದಿಮೂರು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟು, ಶಾಲೆ ಮುಚ್ಚಿದ ಮೇಲೆ ಹೊಸದಾಗಿ ಈ ವಿದ್ಯೆ ಕಲಿತು, ಮೂವತ್ತೆಂಟನೇ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದವಳು. ಮನೆಯಲ್ಲಿ ಅವಳಿ ಹೆಣ್ಣುಮಕ್ಕಳು, ಅತ್ತೆ. ದುಡಿಯುವವಳು ಅವಳೊಬ್ಬಳೇ. ಆರು ತಿಂಗಳ ಪರೀಕ್ಷಾ ಅವಧಿ ಶುಕ್ರವಾರಕ್ಕೆ ಮುಗಿಯುತ್ತಿತ್ತು, ಅಂದು ಕೆಲಸ ಕಾಯಂ ಆಗಬೇಕಿತ್ತು. ಈ ಹಾಳೆಯಲ್ಲಿ ಅವಳ ಹೆಸರು ಬಿದ್ದರೆ ಗಡ್ಡನಿಗೆ ಆಗುವ ಹಾಗೆ ಬರೀ ಬೇರೆ ತಂಡಕ್ಕೆ ವರ್ಗವಲ್ಲ, ಮನೆಗೇ ದಾರಿ.

ಅವಳೂ ನಾನೇ, ಹಳೇ ಕಸ ಅನ್ನಿಸಿತು ಎಂದಳು. ಹೇಳುವಾಗ ಅವಳ ಕಣ್ಣು ತುಂಬಿತು.

ನಾನು ನಂಬಿಬಿಟ್ಟೆ. ಹೊಸಬಳು, ತಪ್ಪು ಮಾಡುವುದು ಸಹಜ. ಉಳಿದ ಮೂವರು ಇವಳನ್ನು ಉಳಿಸಲು ಮುಂದೆ ಬಂದಿದ್ದಾರೆ. ಒಗಟು ಬಿಡಿಸಿದೆನೆಂದು ಒಳಗೊಳಗೇ ಸಮಾಧಾನವೂ ಆಯಿತು. ನಿಜ ಬರೆದರೆ ಇವಳ ಮನೆ ಬೀದಿಗೆ ಬರುತ್ತದೆ, ಸುಳ್ಳು ಬರೆದರೆ ಗೋಡೆಯ ಮೂರನೇ ಚೀಟಿ ನನ್ನನ್ನು ಅಣಕಿಸುತ್ತದೆ. ಹಾಳೆ ಮುಂದಿಟ್ಟುಕೊಂಡು ಮುಕ್ಕಾಲು ಗಂಟೆ ಕೂತೆ. ಕೊನೆಗೆ ಮನೆಗೆ ಫೋನ್ ಮಾಡಿದೆ. ನಮ್ಮ ಯಜಮಾನರು ಎಲ್ಲ ಕೇಳಿಸಿಕೊಂಡು ನಕ್ಕರು. ಎಲ್ಲರೂ ಸೇರಿ ಹೊರಬೇಕು ಎಂದು ಮೂರು ವರ್ಷ ನೀನೇ ಹೇಳಿದೆ, ಈಗ ಹೊರುತ್ತಿದ್ದಾರೆ, ಈಗ ಯಾಕೆ ಬಯ್ಯುತ್ತೀ ಎಂದು ಕೇಳಿದರು. ನಿಮಗೆ ಇದೆಲ್ಲ ಅರ್ಥವಾಗುವುದಿಲ್ಲ ಎಂದು ಫೋನ್ ಇಟ್ಟೆ.

ಆಮೇಲೆ ಆ ಕೇಂದ್ರಕ್ಕೇ ಹೋಗಿ ಬರೋಣವೆನ್ನಿಸಿತು. ಹಿರಿಯ ಸಿಸ್ಟರ್ ಕೈಕಾಲು ಹಿಡಿದಾದರೂ, ಹೆಸರು ಬೇಡ, ಎಚ್ಚರಿಕೆ ಕೊಟ್ಟು ಬಿಡಿ ಎಂದು ಆಸ್ಪತ್ರೆಗೆ ಎರಡು ಮಾತು ಬರೆಸಿಕೊಂಡು ಬರಬೇಕೆಂದು ಲೆಕ್ಕ ಹಾಕಿದೆ. ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿ.

ಉದ್ದನೆಯ ಕೋಣೆ, ಎರಡು ಕಡೆ ಕುರ್ಚಿಗಳು, ಯಂತ್ರಗಳ ಸಣ್ಣ ಗುರುಗುರು. ಮೂರನೇ ಕುರ್ಚಿಯಲ್ಲಿ ಕೂತಿದ್ದ ಮುದುಕರು ನಾನು ಯಾರೆಂದು ಸಿಸ್ಟರ್ ಬಾಯಿಂದ ಕೇಳಿ ತಲೆ ಎತ್ತಿದರು. ಅವರೇ ಆ ಕಂಡಕ್ಟರು. ಮೂವತ್ತು ವರ್ಷ ಊರಿಗೆಲ್ಲ ಸೀಟು ತೋರಿಸಿದವನಿಗೆ ನೀವು ತಪ್ಪು ಸೀಟು ಕೊಟ್ಟಿರಲ್ಲಮ್ಮ ಎಂದು ನಕ್ಕರು. ನಾನು ನಗಲು ಹೋದೆ, ಆಗಲಿಲ್ಲ. ಅವರ ತೋಳಿನ ಕೊಳವೆಯಲ್ಲಿ ರಕ್ತ ಹೋಗಿ ಬರುತ್ತಿತ್ತು. ಪರದೆಯ ಮೇಲೆ ನಾನು ನೋಡುತ್ತಿದ್ದುದು ಅವರ ಹೆಸರು ಮತ್ತು ಒಂದು ಅಂಕಿ ಮಾತ್ರ.

ಸಿಸ್ಟರ್ ನನ್ನನ್ನು ಕೋಣೆಯ ತುದಿಗೆ ಕರೆದುಕೊಂಡು ಹೋದರು. ಅಲ್ಲಿ ಗಾಜಿನ ತಡಿಕೆಯ ಹಿಂದೆ ಏಳನೇ ಕುರ್ಚಿ ಒಂದೇ ಇತ್ತು. ನಾನು ಬಂದ ಕೆಲಸ ಹೇಳಲು ಬಾಯಿ ತೆರೆದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ನೀವೇ ಅಲ್ವಾ? ಸ್ವಲ್ಪ ದಪ್ಪ ಆಗಿದೀರಿ ಅಷ್ಟೇ," ಎಂದರು. "ಹನ್ನೆರಡು ವರ್ಷ ಆಗಿರ್ಬೇಕು. ಇದೇ ಸ್ಟೂಲ್ ಮೇಲೆ ಕೂತು ಅತ್ತಿದ್ರಿ."

ನನಗೆ ತಲೆಬುಡ ಅರ್ಥವಾಗಲಿಲ್ಲ. ಅವರೇ ನೆನಪು ಮಾಡಿಕೊಟ್ಟರು. ಆಗ ಇದೊಂದೇ ಕೇಂದ್ರ. ಒಬ್ಬ ಹೆಣ್ಣುಮಗಳನ್ನು ತಪ್ಪಿ ಈ ಯಂತ್ರಕ್ಕೆ ಹಾಕಿ ಅವಳಿಗೆ ಸೋಂಕು ತಗುಲಿತ್ತು. ಸಾಫ್ಟ್‌ವೇರ್ ಮಾಡಲು ಬಂದಿದ್ದ ನಾನು ಅವಳ ಜೊತೆ ಮಾತಾಡಿದ್ದೆನಂತೆ. ಮಾತ್ರೆ ಡಬ್ಬಿಯ ರಟ್ಟು ಹರಿದು ಅದರ ಹಿಂದೆ ಬರೆದುಕೊಂಡೆನಂತೆ.

"ಇನ್ಮೇಲೆ ನಮ್ಮ ಪಟ್ಟಿ ಈ ಕುರ್ಚಿಗೆ ಯಾರನ್ನೂ ತಾನಾಗಿ ಕಳಿಸಲ್ಲ ಸಿಸ್ಟರ್ ಅಂತ ಮಾತು ಕೊಟ್ರಿ. ಹನ್ನೆರಡು ವರ್ಷ ಕಳಿಸ್ಲಿಲ್ಲ. ಅದಕ್ಕೇ ನಾವೂ ಹೊಸಬರಿಗೆ ಹೇಳೋದು ಬಿಟ್ಬಿಟ್ವಿ. ಪಟ್ಟಿ ನೋಡ್ಕೊಳುತ್ತೆ ಅಂತ."

ಹಾಗಾದರೆ ಹೆಸರಿಲ್ಲದ ಆ ಸಾಲು ನನ್ನದು. ರಟ್ಟಿನ ತುಂಡು, ಆ ಹೆಂಗಸಿನ ಹಸಿರು ಸ್ವೆಟರು, ಎಲ್ಲ ಒಂದೊಂದಾಗಿ ನೆನಪಾಯಿತು. ನನ್ನ ಸಾಲನ್ನು ಕೇಳದೆ ಕೇಳಿಸಿಕೊಳ್ಳದೆ ತೆಗೆದರಲ್ಲ ಎಂದು ಮೊದಲು ಸಿಟ್ಟೇ ಬಂತು. ಕೇಳಬಾರದಿತ್ತೇ ಎಂದುಕೊಂಡೆ. ಅಷ್ಟರಲ್ಲಿ ಅದೂ ನೆನಪಾಯಿತು. ಅವರು ಕೇಳಿದ್ದರು.

ಮೂರು ವಾರದ ಹಿಂದೆ, ಆ ಗುಡಿಸುವ ವಾರದಲ್ಲಿ, ಮೌನಿ ಫೋನ್ ಬಂತೆಂದು ಹೊರಗೆ ಹೋಗುವವನು ಬಾಗಿಲಲ್ಲೇ ನಿಂತಿದ್ದ. ನಾನು ಚಹದ ಲೋಟ ಹಿಡಿದು ಆ ಕಡೆ ಹೋದವಳು, ನಾಯಕಿಯೂ ಕೂರುತ್ತಾಳೆಂದು ತೋರಿಸಬೇಡವೇ, ಅವನ ಜಾಗದಲ್ಲಿ ಕೂತು ಕೀಬೋರ್ಡ್ ಎಳೆದುಕೊಂಡೆ. ಅನುಮಾನ ಪರದೆ ತೋರಿಸಿ, ಏಳನೇ ಕುರ್ಚಿ ಯಾಕೆ ಬಿಡುತ್ತೇವೆ ಅಕ್ಕ ಎಂದು ಕೇಳಿದಳು. ನನಗೆ ಒಂದಿಷ್ಟೂ ನೆನಪಿರಲಿಲ್ಲ. ನಾಲ್ಕು ಮುಖ ನನ್ನ ಕಡೆ ತಿರುಗಿದ್ದವು, ಕಿವಿ ಬಿಸಿಯಾಯಿತು. ಹಳೇ ಕಸ, ನನಗೆ ಗೊತ್ತು ಎಂದು ಹೇಳಿ ಸಾಲನ್ನು ಅಳಿಸಿದೆ. ಗಡಿಯಾರ ಟಿಣ್ ಎಂದಿತು, ಎದ್ದು ಬಂದೆ, ಆರುನೂರರಲ್ಲಿ ಅದೊಂದು ಸಾಲು ಅಂದೇ ಮರೆತೂ ಹೋಯಿತು.

ಬೆಳಿಗ್ಗೆಯಿಂದ ನಾಲ್ಕು ಬಾಯಲ್ಲಿ ಕೇಳಿದ ಹಳೇ ಕಸ ನನ್ನದೇ ಮಾತು. ಅವರು ನನ್ನ ಎದುರು ಕೂತು, ನಾನು ಹೇಳಿದ್ದನ್ನೇ ನನಗೆ ಹೇಳಿ ಹೋಗಿದ್ದರು. ಟೀಚರ್ ಕಣ್ಣೀರು ಕೂಡ ತಪ್ಪು ಮಾಡಿದ್ದಕ್ಕಲ್ಲ, ಸುಳ್ಳು ಹೇಳುವುದಕ್ಕೆ ಬಂದದ್ದು. ಆ ಸ್ಟೂಲಿನ ಮೇಲೆ ಎರಡನೇ ಸಲ ಕೂತೆ. ಸಿಸ್ಟರ್ ನೀರು ತಂದುಕೊಟ್ಟರು, ಏನಾಯಿತೆಂದು ಕೇಳಲಿಲ್ಲ.

ನಾಲ್ಕು ಗಂಟೆಗೆ ನಿರ್ದೇಶಕರ ಕೋಣೆಯಲ್ಲಿ ಆಸ್ಪತ್ರೆಯ ಅಧಿಕಾರಿ ಕೂತಿದ್ದರು. ನನ್ನ ನಾಲ್ವರು ಗೋಡೆ ಪಕ್ಕ ಸಾಲಾಗಿ ನಿಂತಿದ್ದರು, ಯಾರೂ ಕೂರಲು ಒಪ್ಪಿರಲಿಲ್ಲ. ನಾನು ಹಾಳೆ ಮೇಜಿನ ಮೇಲಿಟ್ಟೆ. ಗೆರೆಯ ಮೇಲೆ ನನ್ನ ಹೆಸರು ಬರೆದಿದ್ದೆ. ಆ ಸಾಲನ್ನು ಬರೆದವಳೂ ನಾನು, ಅಳಿಸಿದವಳೂ ನಾನು ಎಂದು ನಿಂತುಕೊಂಡೇ ಹೇಳಿದೆ.

ನಿರ್ದೇಶಕರು ಹಾಳೆ ಓದಿ ಮುಗುಳ್ನಕ್ಕರು. ಡ್ರಾಯರಿನಿಂದ ನಾಲ್ಕು ಪತ್ರ ತೆಗೆದು ಇಸ್ಪೀಟು ಎಲೆ ಹರಡಿದ ಹಾಗೆ ಮೇಜಿನ ಮೇಲೆ ಹರಡಿದರು. ನಾಲ್ವರೂ ಅವರಿಗೂ ಬರೆದು ಒಪ್ಪಿಕೊಂಡಿದ್ದರು.

"ನಿಮ್ದು ಐದನೇದು ಮೇಡಂ," ಎಂದರು. ಆಮೇಲೆ ಆಸ್ಪತ್ರೆಯವರ ಕಡೆ ತಿರುಗಿ, "ನೋಡಿ ಸರ್, ನಾಯಕತ್ವ ಅಂದ್ರೆ ಇದು. ತಂಡದ ತಪ್ಪನ್ನ ತನ್ನ ಮೇಲೆ ಹಾಕ್ಕೊಳೋದು," ಎಂದರು.

ಆಸ್ಪತ್ರೆಯ ಅಧಿಕಾರಿ ಗೌರವದಿಂದ ತಲೆಯಾಡಿಸಿದರು. ಇಲ್ಲ, ಇದು ನಿಜವಾಗಿ ನಾನೇ ಎಂದೆ. ನಿರ್ದೇಶಕರು ಅರ್ಥವಾಯಿತು ಅರ್ಥವಾಯಿತು ಎಂಬಂತೆ ಕೈ ಎತ್ತಿದರು. ನಾನು ಹೆಚ್ಚು ಹೇಳಿದಷ್ಟೂ ನನ್ನ ದೊಡ್ಡತನ ಹೆಚ್ಚುತ್ತ ಹೋಯಿತು. ಇನ್ನು ಎರಡು ನಿಮಿಷ ಬಿಟ್ಟರೆ ಸನ್ಮಾನ ಮಾಡುತ್ತಿದ್ದರೋ ಏನೋ. ಮೂರು ವರ್ಷ ಬಿಳಿ ಹಲಗೆಯ ಮೇಲೆ ಸುಳ್ಳು ಬರೆದಾಗ ಎಲ್ಲರೂ ನಂಬಿದರು, ಈಗ ನಿಜ ಹೇಳಿದರೆ ಕೇಳುವವರಿಲ್ಲ. ಅಧಿಕಾರಿ ಮಾತ್ರ, ಹಾಗಾದರೆ ಐದರಲ್ಲಿ ಯಾವುದನ್ನು ಬರೆದುಕೊಳ್ಳಲಿ, ಆ ಹೊಸಬರದ್ದೇ ಇರಬಹುದೇ ಎಂದು ಪೆನ್ನು ಕೈಗೆ ತೆಗೆದುಕೊಂಡರು.

ನಾನು ಗೋಡೆ ಕಡೆ ತಿರುಗಿದೆ.

"ಹೇಳ್ರಪ್ಪ. ಆ ದಿನ ಏನಾಯ್ತೋ ಅದನ್ನ ಹೇಳಿ."

ಗಡ್ಡ ಫ್ಯಾನ್ ನೋಡಿದ. ಅನುಮಾನ ತನ್ನ ಉಗುರು ನೋಡಿಕೊಂಡಳು. ಮೌನಿ ಮೌನಿಯೇ. ಟೀಚರ್ ಒಂದು ಹೆಜ್ಜೆ ಮುಂದೆ ಬಂದಳು. ತರಗತಿಯಲ್ಲಿ ನಿಂತವಳಂತೆ ಅವಳ ಒಂದೊಂದು ಮಾತೂ ಬಿಡಿಬಿಡಿಯಾಗಿ ಬಂತು.

"ಅಕ್ಕನೇ ಅಳಿಸಿದ್ದು ಸರ್. ಇದು ಯಾಕಿದೆ ಅಂತ ನಾವು ಕೇಳಿದ್ವಿ. ಹಳೇ ಕಸ, ನನಗೆ ಗೊತ್ತು ಅಂದ್ರು. ಅವರಿಗೆ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅಂತ ಮುಖ ನೋಡಿದ್ರೇ ನಮಗೆಲ್ಲ ಗೊತ್ತಾಯ್ತು. ಆದ್ರೂ ನಾವು ನಾಲ್ಕು ಜನ ಬಾಯಿ ಮುಚ್ಕೊಂಡು ಕೂತ್ವಿ."

ಮೌನಿ ಹೌದೆಂದು ತಲೆ ಅಲ್ಲಾಡಿಸಿದ, ಆಮೇಲೆ ಉಳಿದಿಬ್ಬರೂ. ನಿರ್ದೇಶಕರ ಮುಗುಳ್ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ತುಟಿಯ ಮೇಲೇ ಇತ್ತು. ಮೂರು ವರ್ಷದಲ್ಲಿ ನನ್ನ ಮುಖಕ್ಕೆ ನೇರವಾಗಿ ಬಂದ ಮೊದಲ ಮಾತು ಅದು. ನನಗೆ ಅವಳನ್ನು ತಬ್ಬಿಕೊಳ್ಳಬೇಕೆನ್ನಿಸಿತು, ಅದೇ ಗಳಿಗೆಯಲ್ಲಿ ಕೆನ್ನೆಗೆ ಒಂದು ಬಾರಿಸಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡದೆ ಕುರ್ಚಿ ಎಳೆದು ಕೂತೆ.

ಅಧಿಕಾರಿ ನನ್ನ ಹೆಸರು ಬರೆದುಕೊಂಡರು. ಒಂದು ವರ್ಷ ನಾನು ಕೇಂದ್ರಗಳ ಸಾಫ್ಟ್‌ವೇರಿಗೆ ಕೈ ಹಾಕುವ ಹಾಗಿಲ್ಲ, ತಂಡವನ್ನು ಗಡ್ಡ ನೋಡಿಕೊಳ್ಳಬೇಕೆಂದು ತೀರ್ಮಾನವಾಯಿತು. ಟೀಚರ್ ಕೆಲಸ ಶುಕ್ರವಾರ ಕಾಯಂ ಆಯಿತು. ಆ ಸಾಲು ಬುಧವಾರ ಸಂಜೆಯೇ ತನ್ನ ಜಾಗಕ್ಕೆ ಹಿಂತಿರುಗಿತು. ಈ ಸಲ ಅದರ ಮೇಲೆ ಹನ್ನೊಂದು ಸಾಲಿನಲ್ಲಿ ಕಾರಣ ಬರೆದಿದ್ದಾರೆ, ಹಸಿರು ಸ್ವೆಟರಿನ ಹೆಂಗಸಿನ ಸಂಗತಿಯನ್ನೂ ಸೇರಿಸಿ. ನಾನು ಹೇಳಿದೆ, ಅನುಮಾನ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಬರೆದಳು.

ಗುರುವಾರ ಊಟದ ಹೊತ್ತಿನಲ್ಲಿ ಗಡ್ಡನನ್ನು ಕೇಳಿಯೇಬಿಟ್ಟೆ. ನನ್ನನ್ನು ಉಳಿಸಲು ನಾಲ್ವರೂ ತಲೆ ಕೊಡಲು ಹೊರಟಿರಲ್ಲ, ನನ್ನ ಮೇಲಿನ ಪ್ರೀತಿಗೋ, ನನ್ನ ಸಿಟ್ಟಿನ ಭಯಕ್ಕೋ ಎಂದು. ಅವನು ತುತ್ತು ಕೈಯಲ್ಲೇ ಹಿಡಿದು ಬಹಳ ಹೊತ್ತು ಯೋಚಿಸಿದ. ನಿಮಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ ಅಕ್ಕ, ಹೇಳುವುದಕ್ಕಿಂತ ಹೊರುವುದೇ ಸುಲಭ ಅನ್ನಿಸಿತು ಎಂದ. ಅದು ಪ್ರೀತಿಯೋ ಭಯವೋ ಎಂದು ಮತ್ತೆ ಕೇಳಿದೆ. ಅವನು ಊಟ ಮುಂದುವರಿಸಿದ.

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಬಿಳಿ ಹಲಗೆಯ ಮುಂದೆ ನಿಂತೆ. ಕೀಬೋರ್ಡಿಗೆ ಕೈ ಹಾಕಬಾರದೆಂದಿದ್ದರು, ಹಲಗೆಗೆ ಹಾಕಬಾರದೆಂದು ಯಾರೂ ಹೇಳಿರಲಿಲ್ಲ. ಕಿವಿ ಉರಿಯುತ್ತಿತ್ತು. ಇವರಿಗೆ ನನ್ನ ಮೇಲೆ ನಂಬಿಕೆ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ ಎಂದು ಬರೆದು, ಕೈ ತೊಳೆಯಲು ಹೋದೆ. ತಿರುಗಿ ಬರುವಷ್ಟರಲ್ಲಿ ನಾಲ್ವರೂ ಪರದೆಯ ಮುಂದೆ ಕೂತು ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು, ಯಾರೂ ತಲೆ ಎತ್ತಲಿಲ್ಲ. ಹಲಗೆಯಲ್ಲಿ ನನ್ನ ಸಾಲಿನ ಕೆಳಗೆ ಯಾರೋ "ನಮಗೂ ಗೊತ್ತಿಲ್ಲ" ಎಂದು ಬರೆದಿದ್ದರು. ಅಕ್ಷರ ಯಾರದೆಂದು ನೋಡಿದರೆ ಗುರುತು ಹತ್ತುತ್ತಿತ್ತು. ನಾನು ನೋಡಲು ಹೋಗಲಿಲ್ಲ.